ಮರೆತವರ ನೆನಪನ್ನು ಕಾದಿಟ್ಟವರು

(ಉಮ್ಮ್ ಸಲಾಲ್‌ನ ಕನ್ನಡ ಕುಟುಂಬಗಳ ಕೂಟದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಈ ಊರಿನ ಬರ್ಜಾನ್ ಗೋಪುರಗಳನ್ನು ನಾವೆಲ್ಲರೂ ಬಲ್ಲೆವು. ಅವುಗಳನ್ನು ಕಟ್ಟಿಸಿದವರ ಹೆಸರು ಚರಿತ್ರೆಯಲ್ಲಿದೆ. ಆದರೆ ಗಂಡಸರು ಮುತ್ತಿನ ಬೇಟೆಗೆಂದು ತಿಂಗಳುಗಟ್ಟಲೆ ಕಡಲಲ್ಲಿದ್ದಾಗ ಇಲ್ಲಿ ಮನೆವಾರ್ತೆ ನಡೆಸಿದ ಹೆಂಗಸರಲ್ಲಿ ಎಷ್ಟು ಜನರ ಹೆಸರು ಉಳಿದಿದೆ? ನಮ್ಮ ನಾಡಿನ ಕಥೆಯೂ ಬೇರೆಯಲ್ಲ. ಆ ಕೊರತೆಯನ್ನು ತುಂಬಲು ದುಡಿದ ಡಾ. ವಿಜಯಾ ದಬ್ಬೆಯವರನ್ನು ಇಂದು ಸ್ಮರಿಸಬಯಸುತ್ತೇವೆ.

1951ರಲ್ಲಿ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ದಬ್ಬೆಯಲ್ಲಿ ಜನಿಸಿದ ಇವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಪ್ರಾಧ್ಯಾಪಕರಾದರು. ಡಾಕ್ಟರೇಟಿಗೆ ಆರಿಸಿಕೊಂಡದ್ದು ಹಳಗನ್ನಡದ ಕವಿ ನಾಗಚಂದ್ರನನ್ನು. ಕವಯಿತ್ರಿಯೂ ಆಗಿದ್ದ ಅವರು ಮೈಸೂರಿನಲ್ಲಿ ಗೆಳತಿಯರೊಡನೆ 'ಸಮತಾ' ಸಂಘಟನೆಯನ್ನು ಕಟ್ಟಿ, ಹೆಣ್ಣಿನ ನೋವನ್ನು ತರಗತಿಯ ಹೊರಗೂ ಎದುರಿಸಿದರು.

ಈ ವಿದ್ವತ್ತು ಮತ್ತು ಕಳಕಳಿ ಕೂಡಿದಾಗ ಹುಟ್ಟಿದ್ದು ಮರೆತ ಲೇಖಕಿಯರ ಶೋಧ. ನಂಜನಗೂಡು ತಿರುಮಲಾಂಬ ಎಳೆಯ ವಯಸ್ಸಿನಲ್ಲಿಯೇ ವಿಧವೆಯಾದವರು. 1913ರಲ್ಲಿ 'ಸತೀ ಹಿತೈಷಿಣಿ' ಗ್ರಂಥಮಾಲೆಯನ್ನು ಆರಂಭಿಸಿ, ಕಾದಂಬರಿಗಳನ್ನು ಬರೆದು, ಪತ್ರಿಕೆ ನಡೆಸಿದವರು. ಮುಂದೆ ಲೇಖನಿ ಕೆಳಗಿಟ್ಟರು; ಲೋಕ ಅವರನ್ನು ಮರೆಯಿತು. 1982ರಲ್ಲಿ ಅವರು ತೀರಿಕೊಂಡರು. ಆ ಹೆಜ್ಜೆಗಳನ್ನು ದಬ್ಬೆಯವರು 'ಹಿತೈಷಿಣಿಯ ಹೆಜ್ಜೆಗಳು' ಎಂಬ ಕೃತಿಯಲ್ಲಿ ಗುರುತಿಸಿದರು. ಶ್ಯಾಮಲಾದೇವಿ ಬೆಳಗಾಂವಕರರ ಬರಹಗಳನ್ನು 'ಶ್ಯಾಮಲಾ ಸಂಚಯ'ವಾಗಿ ಕೂಡಿಸಿಕೊಟ್ಟರು. ಹೆಂಗಸರು ಬರೆಯಲಿಲ್ಲವೆಂಬುದು ಸುಳ್ಳು, ಬರೆದದ್ದನ್ನು ನಾವು ಕಾಪಾಡಲಿಲ್ಲ ಎಂಬುದೇ ಈ ಪುಸ್ತಕಗಳು ನಮಗೆ ಕಲಿಸುವ ಪಾಠ.

ವಿಧಿಯ ಕ್ರೌರ್ಯವನ್ನು ಏನೆಂದು ಹೇಳೋಣ? 1999ರಲ್ಲಿ ಸಂಭವಿಸಿದ ಅಪಘಾತ ದಬ್ಬೆಯವರ ಸ್ಮರಣಶಕ್ತಿಯನ್ನೇ ಕಸಿಯಿತು. ಪರರ ನೆನಪನ್ನು ಉಳಿಸಿದ ಜೀವ ಅನಂತರದ ವರ್ಷಗಳನ್ನು ಮೌನದಲ್ಲಿ ಕಳೆದು, 2018ರ ಫೆಬ್ರವರಿಯಲ್ಲಿ ಅಸ್ತಂಗತವಾಯಿತು. ಇನ್ನು ನೆನಪಿನ ಹೊಣೆ ನಮ್ಮದು.

ಕಡಲಾಚೆಗೆ ಬಂದ ನಮ್ಮ ಮನೆಗಳಲ್ಲಿ ಈ ಹೊಣೆ ಇನ್ನೂ ದೊಡ್ಡದು. ಊರಿನ ಮನೆ ಮಾರುವಾಗ ಪಾತ್ರೆಗಳನ್ನು ಹಂಚಿಕೊಳ್ಳುತ್ತೇವೆ, ಅಜ್ಜಿಯ ಹಾಡಿನ ಪುಸ್ತಕವನ್ನು ರದ್ದಿಗೆ ಹಾಕುತ್ತೇವೆ. ತಾಯಂದಿರ ಕಾಗದಗಳು, ಲೆಕ್ಕದ ಚೀಟಿಗಳು, ಅವರು ಹೇಳುವ ಕಥೆಗಳು ಮುಂದಿನ ಸಂಶೋಧಕಿಗೆ ಆಕರಗಳಲ್ಲವೆ? ಈ ಬಾರಿ ರಜೆಯಲ್ಲಿ ಊರಿಗೆ ಹೋದಾಗ, ಹಿರಿಯರ ಬಳಿ ಕುಳಿತು, ಅವರ ಮಾತನ್ನು ನಮ್ಮ ಮಕ್ಕಳ ಕೈಯಲ್ಲೇ ಬರೆಯಿಸೋಣ. ಅದೇ ದಬ್ಬೆಯವರಿಗೆ ನಾವು ಸಲ್ಲಿಸುವ ನಿಜವಾದ ಗೌರವ.