ಒಂದು ಅಂಕಿತನಾಮ



ನಾಮಪದದ ಪಾಠದಲ್ಲಿ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂಬ ಭೇದಗಳನ್ನು ಮಕ್ಕಳಿಗೆ ತಿಳಿಸುತ್ತೇವೆ. ಹುಡುಗ ಎಂಬುದು ರೂಢನಾಮ. ಅವನಿಗೆ ನಾವು ಇಟ್ಟು ಕರೆಯುವ ಹೆಸರು ಅಂಕಿತನಾಮ. ಮರಿಯಮ್ಮನಹಳ್ಳಿಯಲ್ಲಿ ನನ್ನ ತಂಗಿಯೂ ಅವಳ ಮಗನೂ ನಮ್ಮೊಡನೆಯೇ ಇದ್ದರು. ಆ ಹುಡುಗನ ಹೆಸರನ್ನೇ ನಾನು ತರಗತಿಯಲ್ಲಿ ಉದಾಹರಣೆಯಾಗಿ ಕೊಡುತ್ತಿದ್ದೆ. ಒಂಬತ್ತನೆಯ ವಯಸ್ಸಿನಲ್ಲಿ ಜ್ವರ ಅವನನ್ನು ಕೊಂಡೊಯ್ದಿತು. ಅಂದಿನಿಂದ ಆ ಪಾಠ ಬಂದಾಗ ನಾಲಗೆ ತಡೆಯುತ್ತಿತ್ತು. ಮನೆಯಲ್ಲಿಯೂ ಅಷ್ಟೆ. ತಂಗಿ ನೊಂದಾಳೆಂದು ನಾವು ಸುಮ್ಮನಿದ್ದೆವು. ನಾವು ನೊಂದೇವೆಂದು ಅವಳು ಸುಮ್ಮನಿದ್ದಳು.

ಕಳೆದ ಚಳಿಗಾಲದಲ್ಲಿ ಶಾಲೆಯ ಮಕ್ಕಳೊಡನೆ ಹಂಪೆಗೆ ಹೊರಟವನು, ಹೊಸಪೇಟೆ ದಾಟಿದ ಮೇಲೆ ಸಿಗುವ ಅನಂತಶಯನಗುಡಿಯಲ್ಲಿ ಇಳಿದೆ. 1524ರಲ್ಲಿ ಕೃಷ್ಣದೇವರಾಯನು ಮಗ ತಿರುಮಲರಾಯನ ಹೆಸರಿನಲ್ಲಿ ಪುರವೊಂದನ್ನು ನೆಲೆಗೊಳಿಸಿ ಈ ದೇವಾಲಯವನ್ನು ಕಟ್ಟಿಸಿದ. ಆರು ವರ್ಷದ ಆ ಬಾಲಕನಿಗೆ ತಂದೆ ಪಟ್ಟವನ್ನೂ ಕಟ್ಟಿದನೆಂದೂ, ಎಂಟು ತಿಂಗಳ ಉತ್ಸವ ನಡೆದಿರುವಾಗಲೇ ಮಗು ಕಾಯಿಲೆಬಿದ್ದು ತೀರಿಕೊಂಡಿತೆಂದೂ ಪೋರ್ಚುಗೀಸನಾದ ನೂನಿಜ್ ಬರೆದಿದ್ದಾನೆ. ವಿಷದ ಸಂದೇಹ, ಮಂತ್ರಿ ತಿಮ್ಮರಸನಿಗಾದ ಶಿಕ್ಷೆ, ಆ ಕಥೆಯನ್ನು ನೀವು ಬಲ್ಲಿರಿ.

ಶಾಸನದಲ್ಲಿ ಆ ಪುರದ ಹೆಸರು ಸಾಲೆ ತಿರುಮಲೆ ಮಹಾರಾಯಪುರ. ಇಂದು ಹಾಗೆಂದು ಕರೆಯುವವರಿಲ್ಲ. ಊರಿಗೂ ಗುಡಿಯ ಹೆಸರೇ ನಿಂತಿದೆ. ಗರ್ಭಗುಡಿಯಲ್ಲಿ ಪವಡಿಸಿದ ದೇವರಿಗೆಂದು ಮಾಡಿದ ಉದ್ದನೆಯ ಪೀಠವಿದೆ, ಮೂರ್ತಿಯಿಲ್ಲ.

"ಸಾರ್, ಇಲ್ಲಿ ಯಾರು ಮಲಗುತ್ತಿದ್ದರು?" ಎಂದು ಹುಡುಗಿಯೊಬ್ಬಳು ಕೇಳಿದಳು. ದೇವರು ಎಂದೆ. ಆದರೆ ಕಣ್ಣಿಗೆ ಕಟ್ಟಿದ್ದು ನಮ್ಮ ಪಡಸಾಲೆಯ ಮೂಲೆಯಲ್ಲಿ ಸುತ್ತಿಟ್ಟ ಒಂದು ಚಿಕ್ಕ ಹಾಸಿಗೆ.

ಅರಸು ಕಲ್ಲಿನಲ್ಲಿ ಬರೆಸಿದ ಹೆಸರೇ ಜನರ ಬಾಯಿಂದ ಜಾರಿಹೋಗಿರುವಾಗ, ನಾವು ಬಾಯಿಗೇ ತಾರದ ಹೆಸರು ಎಷ್ಟು ದಿನ ಉಳಿದೀತು? ಅಂದು ರಾತ್ರಿ ಊಟಕ್ಕೆ ಕುಳಿತಾಗ ಹುಡುಗನ ಹೆಸರು ಹಿಡಿದು, "ಅವನಿಗೆ ರೊಟ್ಟಿಯ ಅಂಚೇ ಆಗಬೇಕಿತ್ತು" ಎಂದೆ. ತಂಗಿ ಅತ್ತಳು. ಬಹಳ ಹೊತ್ತಿನ ಮೇಲೆ, "ಅಂಚಲ್ಲಣ್ಣ, ಉಬ್ಬಿದ ಪದರ" ಎಂದು ನನ್ನನ್ನು ತಿದ್ದಿದಳು. ಆಮೇಲೆ ಮಾತು ನಿಲ್ಲಲಿಲ್ಲ. ಅವನು ಹೇಳಿದ ಸುಳ್ಳುಗಳು, ಕಳೆದ ಚಪ್ಪಲಿಗಳು, ಎಲ್ಲವೂ ಒಂದೊಂದಾಗಿ ಬಂದವು. ಮರುವಾರ ತರಗತಿಯಲ್ಲಿ ನನ್ನ ಹಳೆಯ ಉದಾಹರಣೆಯನ್ನೇ ಕೊಟ್ಟೆ.

ಆ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅದು ನಮ್ಮ ಮನೆಯ ಮಾತು. ನಿಮ್ಮ ಮನೆಯಲ್ಲಿಯೂ ಅಂಥದೊಂದು ಹೆಸರಿದ್ದರೆ, ಇಂದು ಊಟದ ಹೊತ್ತಿಗೆ ಒಮ್ಮೆ ಅನ್ನಿರಿ. ಅಳು ಬಂದರೆ ಬರಲಿ. ತಪ್ಪು ನೆನೆದರೆ ತಿದ್ದುವವರು ಅಲ್ಲಿಯೇ ಇರುತ್ತಾರೆ.