ಬೆರಳಿನ ಶಾಯಿ

ಮತದಾರರ ಬೆರಳಿಗೆ ಹಚ್ಚುವ ಶಾಯಿ ತಯಾರಾಗುವುದು ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆಯಲ್ಲಿ. 1962ರ ಚುನಾವಣೆಯಿಂದ ಅದರ ಬಳಕೆ ನಡೆದುಬಂದಿದೆ. ಒಬ್ಬನೇ ಎರಡು ಸಲ ಮತ ಹಾಕಿಯಾನೆಂಬ ಸಂಶಯದಿಂದ ಹುಟ್ಟಿದ್ದು ಅದು; ತಪ್ಪೇನಲ್ಲ, ಬೇಕಾದದ್ದೇ. ಆದರೆ ಎಣಿಕೆ ಮುಗಿದ ಮೇಲೆ ಸೋತವನು ಗೆದ್ದವನ ಕೈಗೆ ಊರನ್ನು ಒಪ್ಪಿಸಬೇಕಲ್ಲ, ಅದನ್ನು ಯಾವ ಶಾಯಿ ಮಾಡಿಸೀತು? ‘ಇವನು ನಮ್ಮ ಓಣಿಗೂ ನೀರು ಬಿಟ್ಟಾನು, ಐದು ವರ್ಷಕ್ಕೆ ಮತ್ತೆ ನಮ್ಮೆದುರು ಕೈಮುಗಿದು ನಿಂತಾನು’ ಎಂಬ ನಂಬಿಗೆಯಿದ್ದವನೇ ಸೋಲನ್ನು ಒಪ್ಪುತ್ತಾನೆ. ಆ ನಂಬಿಗೆಯನ್ನು ಸರಕಾರ ಕೊಡಲಾರದು. ನೆರೆಯವರೇ ಒಬ್ಬರಿಗೊಬ್ಬರು ಕೊಡಬೇಕು. ಪಂಚಾಯಿತಿ ಚುನಾವಣೆಯ ತರುವಾಯ ಒಂದೇ ಓಣಿಯವರು ಮಾತು ಬಿಟ್ಟದ್ದನ್ನು ನಾವು ಕಂಡಿದ್ದೇವೆ. ದಾಸೋಹದಲ್ಲಿ ಅವರನ್ನು ಕರೆದು ಒಂದೇ ಪಂಕ್ತಿಯಲ್ಲಿ ಕೂಡಿಸಿದೆವು. ಉಂಡರು, ಮಾತು ಮಾತ್ರ ಆಡಲಿಲ್ಲ.