ಬಾಡಿಗೆ ಕರಾರಿನಲ್ಲಿ ನನ್ನ ಹೆಸರಿರಲಿಲ್ಲ

(ಹೆಡತಲೆಯಲ್ಲಿ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ನಮ್ಮೂರಿನ ಹದಿನಾರು ಮುಖದ ಚಾವಡಿಯನ್ನು ನೀವೆಲ್ಲ ಬಲ್ಲಿರಿ. ಭೀಮಣ್ಣನಾಯಕ ತನ್ನ ಹದಿನಾರು ಅಳಿಯಂದಿರನ್ನು ಸಮನಾಗಿ ಕೂರಿಸಲು ಕಟ್ಟಿಸಿದನೆಂದು ಹಿರಿಯರು ಹೇಳುತ್ತಾರೆ. ಆ ಹದಿನಾರು ಹೆಣ್ಣುಮಕ್ಕಳು ಎಲ್ಲಿ ಕೂರುತ್ತಿದ್ದರು? ಅದನ್ನು ಯಾರೂ ಹೇಳುವುದಿಲ್ಲ.

ನನ್ನನ್ನು ಅಮೆರಿಕದ ನ್ಯೂಜೆರ್ಸಿಗೆ ಮದುವೆ ಮಾಡಿಕೊಟ್ಟರು. ವರದಕ್ಷಿಣೆ ಬೇಡವೆಂದರು. ಆದರೆ ‘ಅಲ್ಲಿ ಮನೆ ಹಿಡಿಯಲು ಮುಂಗಡ ಬೇಕು, ಸಾಮಾನು ಬೇಕು’ ಎಂದರು. ಅಪ್ಪ ಒಂದು ಎಕರೆ ಜಮೀನು ಮಾರಿದರು. ಹೆಸರು ಬದಲಾಯಿತು, ವರದಕ್ಷಿಣೆ ಬದಲಾಗಲಿಲ್ಲ.

ಆ ದುಡ್ಡಿನಲ್ಲಿ ಹಿಡಿದ ಮನೆಯ ಕರಾರಿನಲ್ಲಿ ಇದ್ದದ್ದು ಗಂಡನ ಹೆಸರೊಂದೇ. ನನ್ನದು ಎಚ್-4 ವೀಸಾ, ಅಂದರೆ ಅವನ ಕೆಲಸದ ಬೆನ್ನಿಗೆ ಅಂಟಿದ ವೀಸಾ. ದುಡಿಯುವ ಪರವಾನಗಿ ಇರಲಿಲ್ಲ, ಬ್ಯಾಂಕಿನ ಖಾತೆ ಇರಲಿಲ್ಲ. ಪಾಸ್‌ಪೋರ್ಟು ಅವನ ಬೀರುವಿನಲ್ಲಿತ್ತು. ಎರಡನೇ ಚಳಿಗಾಲದಲ್ಲಿ ಹೊಡೆದು, ‘ಇದು ನನ್ನ ಮನೆ, ಆಚೆ ಹೋಗು’ ಎಂದ. ಹೊರಗೆ ಹಿಮ ಬೀಳುತ್ತಿತ್ತು. ನಾನು ಚಪ್ಪಲಿಯಲ್ಲಿದ್ದೆ.

ಪಕ್ಕದ ಮನೆಯ ತೆಲುಗು ಅಕ್ಕ ಬಾಗಿಲು ತೆರೆದಳು. ಪೊಲೀಸರನ್ನು ಕರೆದು ನನ್ನ ಪಾಸ್‌ಪೋರ್ಟು ಕೊಡಿಸಿದಳು. ‘ಮಾನವಿ’ ಎಂಬ ಸಂಸ್ಥೆಯ ವಿಷಯ ಹೇಳಿದವಳೂ ಅವಳೇ. ನಮ್ಮಂಥ ದಕ್ಷಿಣ ಏಷ್ಯಾದ ಹೆಂಗಸರೇ 1985ರಲ್ಲಿ ನ್ಯೂಜೆರ್ಸಿಯಲ್ಲಿ ಕಟ್ಟಿದ ಸಂಸ್ಥೆ ಅದು. ಮನೆ ಬಿಟ್ಟು ಬಂದ ಹೆಂಗಸರು ಕೆಲಕಾಲ ಇರಲೆಂದು 1997ರಲ್ಲಿ ‘ಆಶಿಯಾನಾ’ ಎಂಬ ತಂಗುಮನೆಯನ್ನೂ ತೆರೆದರು. ದೌರ್ಜನ್ಯಕ್ಕೆ ಒಳಗಾದ ಎಚ್-4 ಹೆಂಡತಿ ತಾನೇ ಅರ್ಜಿ ಹಾಕಿ ದುಡಿಯುವ ಪರವಾನಗಿ ಕೇಳಬಹುದೆಂಬ ಕಾನೂನು ಅಲ್ಲಿದೆ ಎಂದು ನನಗೆ ಗೊತ್ತಾದದ್ದು ಆಮೇಲೆ.

ಪರವಾನಗಿ ಬಂತು, ಕೂಸುಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಆದರೂ ಮನೆ ಸಿಗಲಿಲ್ಲ. ಅಲ್ಲಿ ಮನೆ ಮಾಲೀಕರು ಸಂಬಳದ ಚೀಟಿ ಕೇಳುತ್ತಾರೆ, ಸಾಲ ತೀರಿಸಿದ ಚರಿತ್ರೆ ಕೇಳುತ್ತಾರೆ. ಸಾಲವನ್ನೇ ಮಾಡದವಳಿಗೆ ಚರಿತ್ರೆ ಎಲ್ಲಿಂದ ಬರಬೇಕು? ಒಬ್ಬಾತ ಮೂರು ತಿಂಗಳ ಮುಂಗಡ ಕೇಳಿದ. ಒಂದೂವರೆ ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲವೆಂದು ಆ ರಾಜ್ಯದ ಕಾನೂನೇ ಹೇಳುತ್ತದೆ. ಕೊನೆಗೆ ಇನ್ನೊಬ್ಬ ಹೆಂಗಸಿನ ಜೊತೆ ಸೇರಿ ಒಂದು ನೆಲಮಾಳಿಗೆ ಹಿಡಿದೆವು. ಇಬ್ಬರ ಹೆಸರಿನಲ್ಲೂ ಕರಾರಾಯಿತು. ಅವತ್ತು ರಾತ್ರಿ ಬೀಗದ ಕೈಯನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದೆ.

ಮಗಳನ್ನು ದೂರದೇಶಕ್ಕೆ ಕೊಡುವವರು ಇಷ್ಟು ಮಾಡಿ. ಮದುವೆಯನ್ನು ನೋಂದಾಯಿಸಿ. ಪಾಸ್‌ಪೋರ್ಟು, ವೀಸಾದ ನಕಲು ತವರಿನಲ್ಲಿ ಇಟ್ಟುಕೊಳ್ಳಿ. ಮನೆಯ ಕರಾರಿನಲ್ಲಿ ಅವಳ ಹೆಸರಿದೆಯೇ ಎಂದು ಬಾಯಿಬಿಟ್ಟು ಕೇಳಿ. ಕಷ್ಟ ಬಂದರೆ ಭಾರತದ ರಾಯಭಾರ ಕಚೇರಿಗೆ ತಿಳಿಸಬೇಕೆಂದು ಅವಳಿಗೆ ಹೇಳಿಕೊಡಿ.

ಇಲ್ಲಿರುವವರಿಗೂ ಒಂದು ಮಾತು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ, ಬಾಳಿದ ಮನೆ ಗಂಡನ ಹೆಸರಿನಲ್ಲಿದ್ದರೂ ಅಲ್ಲಿ ಇರುವ ಹಕ್ಕು ಹೆಂಡತಿಗಿದೆ. ಹೊರದಬ್ಬಿಸಿಕೊಂಡವಳು ತಾನು ಆಶ್ರಯ ಪಡೆದ ಊರಿನಲ್ಲೇ ದೂರು ಕೊಡಬಹುದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಂಜನಗೂಡಿನಲ್ಲೇ ಕೊಡಬಹುದು.

ಹೊಡೆತಕ್ಕಿಂತ ನನ್ನನ್ನು ಹೆಚ್ಚು ಕಾಲ ಅಲ್ಲಿ ಕಟ್ಟಿಹಾಕಿದ್ದು ‘ಹೋಗುವುದೆಲ್ಲಿಗೆ’ ಎಂಬ ಪ್ರಶ್ನೆ. ತವರಿಗೆ ಫೋನ್ ಮಾಡಿದಾಗ ‘ಹೊಂದಿಕೊಂಡು ಹೋಗು ಮಗಳೇ’ ಎಂದಿದ್ದರು. ಆ ಮಾತನ್ನು ನಿಮ್ಮ ಮಗಳಿಗೆ ಹೇಳಬೇಡಿ. ‘ಬಾ, ಇಲ್ಲಿ ಜಾಗ ಇದೆ’ ಎನ್ನಿ.